ದನಿ ಅಡಗಿದ ಗುಡ್ಡ

ಒಂಬತ್ತು ವರ್ಷ ದನಿ ಕೇಳಿಸದ ಜೀವ ಅಳಿದುಹೋಗಿದೆ ಎಂದು ಬರೆಯಬೇಕು ಎಂಬ ಕಾನೂನು ಬಂದಾಗ, ಬರೆದು ಸಹಿ ಹಾಕುವ ಕೆಲಸ ಯಾರದು ಎಂಬ ಪ್ರಶ್ನೆ ಎದ್ದಿತ್ತು. ಹೆಸರಿಟ್ಟವರು ಬದುಕಿದ್ದರೆ ಅವರದೇ ಎಂದು ಜೀವಪಟ್ಟಿ ಮಂಡಳಿ ತೀರ್ಮಾನಿಸಿತು. ಹಾಗಾಗಿ ಕಾನೂನು ಬಂದ ಕೆಲವು ವರ್ಷಗಳ ಮೇಲೆ, ಒಂದು ಶ್ರಾವಣದಲ್ಲಿ ದಾಕ್ಷಾಯಣಿ ಕಮ್ಮಾರ ತಾನು ಬೆಣಚಿ ಗುಡ್ಡದಲ್ಲಿ ಕಂಡು ಹೆಸರಿಟ್ಟ ಮೊಟ್ಟಮೊದಲ ಜೀರುಂಡೆಯ ಕಾಗದಕ್ಕೆ ಸಹಿ ಹಾಕಲು ಗದಗಿನ ಶ್ರವಣ ಕೇಂದ್ರಕ್ಕೆ ಹೋದಳು.

ಕೇಂದ್ರ ಎಂದರೆ ತಣ್ಣಗಿನ ಉದ್ದನೆಯ ಒಂದು ಕೋಣೆ. ಐದು ಜಿಲ್ಲೆಗಳ ಗುಡ್ಡ, ಹಳ್ಳ, ಹುಲ್ಲುಗಾವಲುಗಳಲ್ಲಿ ನೆಟ್ಟ ಕಿವಿಗಂಬಗಳು ಹಗಲಿರುಳು ಕೇಳಿದ್ದೆಲ್ಲ ಅಲ್ಲಿಗೆ ಬರುತ್ತಿತ್ತು. ಹಕ್ಕಿ, ಕಪ್ಪೆ, ಬಾವಲಿ, ಜೀರುಂಡೆ, ಪ್ರತಿಯೊಂದರ ದನಿಯನ್ನೂ ಯಂತ್ರ ಗುರುತು ಹಿಡಿದು ಹೆಸರಿನ ಮುಂದೆ ಚುಕ್ಕೆ ಇಡುತ್ತಿತ್ತು. ಯಂತ್ರಕ್ಕೆ ಅನುಮಾನ ಬಂದದ್ದನ್ನು ರಜಾಕ್ ನದಾಫ್ ಕಿವಿಗೆ ಹಾಕಿಕೊಂಡು ಕೇಳುತ್ತಿದ್ದ. ನಲವತ್ತು ದಾಟಿದ ಆಸಾಮಿ, ಹನ್ನೊಂದು ವರ್ಷದಿಂದ ಅದೇ ಕುರ್ಚಿ.

"ಬೆಣಚಿ ಗುಡ್ಡದ್ದು ನೋಡ್ರಿ ಮೇಡಂ," ಎಂದು ಅವನು ಪರದೆ ತಿರುಗಿಸಿದ. ಒಂಬತ್ತು ವರ್ಷದ ಸಾಲು. ಒಂದು ಚುಕ್ಕೆಯೂ ಇಲ್ಲ. "ನಾನೂ ಮತ್ತ ಮತ್ತ ಕೇಳೀನ್ರಿ. ಗಾಳಿ ಬಿಟ್ರ ಏನೂ ಇಲ್ಲ. ನೀವೂ ಒಮ್ಮೆ ಕೇಳ್ತೀರೇನು?"

"ಬ್ಯಾಡ ಬಿಡು," ಎಂದಳು ದಾಕ್ಷಾಯಣಿ.

ಕೇಳಿ ಉಪಯೋಗವಿರಲಿಲ್ಲ. ಅರವತ್ತೊಂದು ದಾಟಿದ ಅವಳ ಕಿವಿಗೆ ನಾಲ್ಕು ವರ್ಷದಿಂದ ಸಣ್ಣ ದನಿಗಳು ಬೀಳುತ್ತಿರಲಿಲ್ಲ. ಮನುಷ್ಯರ ಮಾತು, ಬಸ್ಸಿನ ಸದ್ದು, ಮಳೆ ಎಲ್ಲ ಚೆನ್ನಾಗಿ ಕೇಳುತ್ತಿತ್ತು. ಜೀರುಂಡೆಯ ಏರುದನಿ ಮಾತ್ರ ಇಲ್ಲ. ಈ ಸಂಗತಿಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ಜೀರುಂಡೆಗಳನ್ನು ದನಿಯಿಂದಲೇ ಬೇರೆ ಬೇರೆ ಮಾಡಿ, ಮೂವತ್ತನಾಲ್ಕು ವರ್ಷದಲ್ಲಿ ನಲವತ್ತೊಂದು ಹೊಸ ಪ್ರಭೇದಗಳಿಗೆ ಹೆಸರಿಟ್ಟವಳು ಅದನ್ನು ಯಾವ ಬಾಯಿಂದ ಹೇಳಬೇಕು?

ಅವಳ ಅಪ್ಪ ಗರಗಸದ ಹಲ್ಲಿಗೆ ಅರ ಹಾಕುತ್ತಿದ್ದ ಕಮ್ಮಾರ. ಕುಲುಮೆಯ ಮುಂದೆ ಕುಳಿತು ಹಲ್ಲು ಎಣಿಸುತ್ತ ಬೆಳೆದ ಹುಡುಗಿಗೆ, ಗಂಡು ಜೀರುಂಡೆಯ ರೆಕ್ಕೆಯ ಕೆಳಗೂ ಅಂಥದೇ ಹಲ್ಲಿನ ಸಾಲಿದೆ, ಇನ್ನೊಂದು ರೆಕ್ಕೆಯ ಅಂಚು ಅದರ ಮೇಲೆ ಉಜ್ಜಿದಾಗಲೇ ಹಾಡು ಹುಟ್ಟುತ್ತದೆ ಎಂದು ಕಾಲೇಜಿನಲ್ಲಿ ತಿಳಿದಾಗ ಅದು ತನ್ನ ಮನೆಯದೇ ವಿದ್ಯೆ ಅನ್ನಿಸಿತ್ತು. ಬೆಣಚಿ ಗುಡ್ಡದ ಜೀರುಂಡೆಗೆ ನೂರ ಹನ್ನೆರಡು ಹಲ್ಲು. ಮೂರು ಸಲ ಕೂಗಿ ಒಂದು ಉಸಿರು ಬಿಡುತ್ತಿತ್ತು. ಅದನ್ನು ತೋರಿಸಿಕೊಟ್ಟ ಕುರಿಗಾಹಿ ಹೆಂಗಸು ಭರಮವ್ವನ ಹೆಸರನ್ನೇ ಅದಕ್ಕಿಟ್ಟಿದ್ದಳು.

ಅವಳು ಸಹಿ ಹಾಕಿದಳು. ಗುಡ್ಡದ ಪಟ್ಟಿಯಲ್ಲಿದ್ದ ಕೊನೆಯ ಹೆಸರು ಅದು. ಅದೂ ಹೋದ ಮೇಲೆ ಗುಡ್ಡಕ್ಕೆ ರಕ್ಷಣೆ ಇಲ್ಲ. ಮ್ಯಾಂಗನೀಸ್ ತೆಗೆಯುವವರು ತಿಂಗಳೊಳಗೆ ಬರುತ್ತಾರೆ ಎಂದು ರಜಾಕ್ ತಗ್ಗಿದ ದನಿಯಲ್ಲಿ ಹೇಳಿದ.

ಮನೆಗೆ ಬಂದರೆ ನಾದಿನಿ ಸುವರ್ಣಾ ಖಾನಾವಳಿಯ ಮಧ್ಯಾಹ್ನದ ಊಟಕ್ಕೆ ರೊಟ್ಟಿ ಬಡಿಯುತ್ತಿದ್ದಳು. ಮನೆಯ ಮುಂದಿನ ಎರಡು ಕೋಣೆಗಳೇ ಖಾನಾವಳಿ. ದಾಕ್ಷಾಯಣಿಯ ಗಂಡ ಮುರಿಗೆಪ್ಪ ಮಾಸ್ತರ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಅತ್ತಿಗೆ ನಾದಿನಿ ಇಬ್ಬರೇ ಆ ಮನೆಯಲ್ಲಿ.

"ಯಾಕ ವೈನಿ, ಮಾರಿ ಹಿಂಗ ಮಾಡೀರಿ?"

"ಬೆಣಚಿ ಗುಡ್ಡದ್ದು ಹೋತು ಸುವರ್ಣಾ. ಸಹಿ ಮಾಡಿ ಬಂದೆ."

ದಾಕ್ಷಾಯಣಿ ಒಳಗೆ ಹೋಗಿ ಕಪಾಟಿನಿಂದ ಹಳೆಯ ಧ್ವನಿಮುದ್ರಣಗಳ ಪೆಟ್ಟಿಗೆ ಇಳಿಸಿದಳು. ಅವುಗಳನ್ನು ಕೇಳದೆ ವರ್ಷಗಳೇ ಆಗಿದ್ದವು. ಬೆಣಚಿ ಗುಡ್ಡದ್ದನ್ನು ಹುಡುಕಿ, ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಹಚ್ಚಿದಳು. ಅವಳಿಗೆ ಕೇಳಿಸಿದ್ದು ಬರೀ ಗಾಳಿ. ಗಾಳಿಯ ನಡುವೆ ಒಂದು ಕೆಮ್ಮು. ಆಮೇಲೆ ತೀರಾ ಹತ್ತಿರದಲ್ಲಿ, ಕಿವಿಗೆ ಬಾಯಿ ಇಟ್ಟ ಹಾಗೆ, ಮುರಿಗೆಪ್ಪನ ಪಿಸುದನಿ: "ದಾಕ್ಷಿ, ಹಂಗ ನಿಂದರು. ಅಲುಗಬ್ಯಾಡ. ಹಾಡಾಕತ್ತೈತಿ."

ರೊಟ್ಟಿಯ ಸದ್ದು ನಿಂತಿತು. "ಅಣ್ಣಾ!" ಎಂದಳು ಸುವರ್ಣಾ. ಹಿಟ್ಟಿನ ಕೈಯನ್ನು ಹಾಗೇ ಹಿಡಿದುಕೊಂಡು ನಿಂತಿದ್ದಳು. ತವೆಯ ಮೇಲಿನ ರೊಟ್ಟಿ ಹೊತ್ತಿ ಹೊಗೆ ಬಂತು.

ಸ್ವಲ್ಪ ಹೊತ್ತಿನ ಮೇಲೆ ಸುವರ್ಣಾ ಕೇಳಿದಳು, "ಜೀರುಂಡಿ ಎಷ್ಟ ಚಂದ ಹಾಡತೈತಲ್ರಿ ವೈನಿ. ಇದ ಸತ್ತದ್ದೇನು?"

"ನಿನಗ ಕೇಳ್ತೈತಿ?"

"ಕೇಳದ ಏನ್ರಿ? ನಿಮಗ ಕೇಳೂದಿಲ್ಲೇನು?"

ಸುವರ್ಣಾ ಅವಳ ಮುಖ ನೋಡಿದಳು, ತಿಳಿದುಕೊಂಡಳು, ಸುಟ್ಟ ರೊಟ್ಟಿ ತೆಗೆದು ಹೊರಗೆ ಎಸೆದಳು.

ಮಾರನೆಯ ದಿನ ದಾಕ್ಷಾಯಣಿ ಬೆಣಚಿ ಗುಡ್ಡಕ್ಕೆ ಹೊರಟಳು. ಭರಮವ್ವನಿಗೆ ಬಾಯಿಂದಲೇ ಹೇಳಬೇಕಿತ್ತು. ಇನ್ನೊಂದು ಆಸೆಯೂ ಇತ್ತು. ಗಂಡ ಆ ಮಾತು ಆಡಿದ ಜಾಗದಲ್ಲಿ ನಿಂತು ಅದನ್ನು ಒಮ್ಮೆ ಕೇಳಬೇಕು. ಧ್ವನಿವರ್ಧಕವನ್ನು ಚೀಲದಲ್ಲಿ ಹಾಕಿಕೊಂಡಳು.

ಭರಮವ್ವನಿಗೆ ಎಪ್ಪತ್ತಾಗಿತ್ತು. ಕುರಿ ಕಾಯುವುದು ಬಿಟ್ಟಿರಲಿಲ್ಲ. ಸುದ್ದಿ ಕೇಳಿ ಎಲೆ ಅಡಿಕೆ ಜಗಿಯುತ್ತಲೇ, "ನನ್ನ ಹೆಸರಿಂದು ಸತ್ತೈತೇನ ತಂಗಿ? ನಾ ಇನ್ನೂ ಇದ್ದೀನಲ್ಲ," ಎಂದು ನಕ್ಕಳು. ಆಮೇಲೆ, "ಗಣಿ ಬಂದ್ರ ನಮ್ಮ ಅಳಿಯಗ ಕೆಲಸ ಕೊಡ್ತೀನಿ ಅಂದಾರ. ಕುರಿಗೆ ಹುಲ್ಲು ಎಲ್ಲಿಂದ ತರ್ತಾರ, ಅದನ್ನ ಹೇಳವಲ್ರು," ಎಂದಳು.

ಸೂರ್ಯ ಇಳಿಯುವ ಹೊತ್ತಿಗೆ ಇಬ್ಬರೂ ಗುಡ್ಡದ ಬೆನ್ನಿಗೆ ಹತ್ತಿದರು. ಬಿಳಿ ಬೆಣಚುಕಲ್ಲುಗಳ ನಡುವೆ ಬಾದೆ ಹುಲ್ಲು. ನೂರು ಮಾರು ದೂರದಲ್ಲಿ ಕಿವಿಗಂಬ. ದಾಕ್ಷಾಯಣಿ ಧ್ವನಿವರ್ಧಕವನ್ನು ಒಂದು ಕಲ್ಲಿನ ಮೇಲಿಟ್ಟು ಹಚ್ಚಿದಳು. ಗಾಳಿ, ಕೆಮ್ಮು, ಗಂಡನ ಮಾತು. ಮತ್ತೆ ಹಚ್ಚಿದಳು. ಭರಮವ್ವ ಸುಮ್ಮನೆ ಕುಳಿತಿದ್ದವಳು ಇದ್ದಕ್ಕಿದ್ದಂತೆ ಅವಳ ಮೊಣಕೈ ಹಿಡಿದಳು.

"ತಂಗಿ, ಕಲ್ಲಿನ ಬುಡಕ ನೋಡು."

ಬ್ಯಾಟರಿ ಬೆಳಕು ಬಿಟ್ಟು ನೋಡಿದರೆ, ಹುಲ್ಲಿನೊಳಗಿಂದ ಜೀರುಂಡೆಗಳು ನಡೆದು ಬರುತ್ತಿದ್ದವು. ಹಾರದೆ, ಜಿಗಿಯದೆ, ಉದ್ದ ಮೀಸೆಗಳನ್ನು ಮುಂದೆ ಚಾಚಿ ಒಂದೊಂದೇ ಹೆಜ್ಜೆ. ಎಂಟು, ಹನ್ನೆರಡು, ಇಪ್ಪತ್ತು. ತಲೆಯ ಮೇಲೆ ಅವಳು ಹೆಸರಿಟ್ಟ ಜೀರುಂಡೆಯದೇ ಹಳದಿ ಗೆರೆ. ಬಾಲದಲ್ಲಿ ಸೂಜಿ ಇದ್ದ ಹೆಣ್ಣುಗಳು ಇದ್ದವು, ಗಂಡುಗಳೂ ಇದ್ದವು. ದಾಕ್ಷಾಯಣಿ ಒಂದು ಗಂಡನ್ನು ಹಿಡಿದು ರೆಕ್ಕೆ ಬಿಡಿಸಿ ಭೂತಗನ್ನಡಿ ಇಟ್ಟಳು. ನೂರ ಹನ್ನೆರಡು ಹಲ್ಲು ಇರಬೇಕಾದ ಕಡೆ ಏನೂ ಇರಲಿಲ್ಲ. ಹೆಣ್ಣಿನ ರೆಕ್ಕೆಯಂತೆ ನುಣುಪು. ಎರಡನೆಯದು, ಮೂರನೆಯದು, ಏಳನೆಯದು, ಎಲ್ಲವೂ ಹಾಗೇ.

ಅವು ಸತ್ತಿರಲಿಲ್ಲ. ಹಾಡುವುದನ್ನು ಬಿಟ್ಟಿದ್ದವು. ಕತ್ತಲಲ್ಲಿ ಮೀಸೆ ತಾಗಿಸಿಕೊಂಡು ಹೇಗೋ ಜೋಡಿ ಹುಡುಕಿ ಬದುಕಿದ್ದವು. ಕೇಳುವುದನ್ನು ಮಾತ್ರ ಮರೆತಿರಲಿಲ್ಲ.

"ಯಾಕಕ್ಕಾ? ಯಾಕ ಹಿಂಗಾತು?"

"ಅದೋ, ಆ ನೊಣದಿಂದ ಇರಬೇಕು," ಎಂದು ಭರಮವ್ವ ಧ್ವನಿವರ್ಧಕದ ಕಡೆ ಗದ್ದ ಎತ್ತಿದಳು. ಅದರ ಮೇಲೆ ಕಂದುಬಣ್ಣದ ಒಂದು ನೊಣ ಬಂದು ಕೂತಿತ್ತು. "ಹದಿನೈದಿಪ್ಪತ್ತು ವರ್ಷದಿಂದ ಬರಾಕತ್ತೈತಿ. ಜೀರುಂಡಿ ಒದರಿತು ಅಂದ್ರ ಎಲ್ಲಿದ್ರೂ ಬರ್ತೈತಿ. ಮೈಮ್ಯಾಲ ಮರಿ ಬಿಡ್ತೈತಿ. ವಾರದಾಗ ಜೀರುಂಡಿ ಹೊಟ್ಟಿ ಒಡದು ಸಾಯ್ತೈತಿ. ನಾ ಕಣ್ಣಾರೆ ಕಂಡೀನಿ."

ದಾಕ್ಷಾಯಣಿಗೆ ಎಲ್ಲ ಒಮ್ಮೆಲೇ ಹೊಳೆಯಿತು. ಹಾಡಿದವು ಸತ್ತವು. ಎಲ್ಲೋ ಒಂದು ಗಂಡು ಹಲ್ಲಿಲ್ಲದ ರೆಕ್ಕೆಯೊಂದಿಗೆ ಹುಟ್ಟಿತು; ಹಾಡಲಾಗಲಿಲ್ಲ, ಅದಕ್ಕೇ ಉಳಿಯಿತು. ಅದರ ಮಕ್ಕಳು ಉಳಿದವು. ವರ್ಷಕ್ಕೊಂದು ತಲೆಮಾರಿನಂತೆ ಹತ್ತು ತಲೆಮಾರುಗಳೊಳಗೆ ಇಡೀ ಗುಡ್ಡ ಮೂಕವಾಯಿತು. ಕಂಬ ಮಾತ್ರ ದನಿಗಾಗಿ ಕಾಯುತ್ತ ನಿಂತಿತ್ತು.

ಮರುದಿನ ಬೆಳಿಗ್ಗೆ ರಜಾಕ್ ಫೋನು ಮಾಡಿದ. ಅವನ ದನಿ ಏರಿತ್ತು. "ಮೇಡಂ, ಜೀವ ಐತ್ರಿ! ನಿನ್ನೆ ಸಂಜಿ ಕಂಬ ಹಿಡದೈತಿ! ಸಾಲಾಗಿ ಇನ್ನೆರಡು ಸಂಜಿ ಕೇಳಿಸಿಬಿಟ್ರ ಹೆಸರು ವಾಪಸ್ ಪಟ್ಟಿಗೆ ಬರ್ತೈತಿ. ಗಣಿ ನಿಂದರ್ತೈತಿ."

ನಿಜ ಹೇಳಲು ಅವಳು ಬಾಯಿ ತೆರೆದಳು. "ಹೌದೇನಪ್ಪ," ಎಂಬ ಮಾತು ಹೊರಗೆ ಬಂತು.

"ಆದ್ರ ಯಾವನೋ ಅಲ್ಲೇ ನಿಂತು ಮಾತಾಡ್ಯಾನ್ರಿ. ಯಾರದು?"

"ಯಾರೋ ಕುರುಬರಿರಬೇಕು," ಎಂದಳು.

ದನಿ ಇಲ್ಲದ್ದನ್ನು ಪಟ್ಟಿಗೆ ಸೇರಿಸುವ ದಾರಿಯೇ ಕಾನೂನಿನಲ್ಲಿರಲಿಲ್ಲ. ಇನ್ನು ಎರಡು ಸಂಜೆ ಹಚ್ಚಿದರೆ ಗುಡ್ಡ ಉಳಿಯುತ್ತದೆ. ಯಾರಿಗೆ ನಷ್ಟ? ಎರಡನೆಯ ಸಂಜೆಯೂ ಹಚ್ಚಿದಳು. ಗಂಡ ಕೆಮ್ಮಿದ, ಅಲುಗಬೇಡ ಎಂದ. ಅವಳು ಅಲುಗದೆ ನಿಂತಳು. ಜೀರುಂಡೆಗಳು ಮತ್ತೆ ಬಂದವು, ಮೊದಲಿಗಿಂತ ಹೆಚ್ಚು. ನೊಣಗಳೂ ಬಂದವು. ಈ ಸಲ ಹದಿಮೂರು ಎಣಿಸಿದಳು.

ಮೂರನೆಯ ದಿನ ಬೆಳಿಗ್ಗೆ ರಜಾಕನ ದನಿ ಬೇರೆಯಾಗಿತ್ತು.

"ಮೇಡಂ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಜೀರುಂಡಿ ದಿನಾ ಒಂದ ರೀತಿ ಹಾಡಬಹುದು. ಮನಶಾ ಎರಡು ದಿನ ಅದ ಕ್ಷಣಕ್ಕ ಕೆಮ್ಮಿ, ಅದ ಮಾತು, ಅದ ಉಸಿರಿನಾಗ ಹೇಳ್ತಾನೇನ್ರಿ?"

ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಯಾರ್ರಿ ಅದು? 'ದಾಕ್ಷಿ' ಅಂತಾರ."

"ನಮ್ಮ ಮನಿಯವ್ರಪ್ಪ."

"ಗುಡ್ಡದ ಮ್ಯಾಗ ಹುಳ ಐತೋ ಇಲ್ಲೋ, ಅದನ್ನಷ್ಟ ಹೇಳ್ರಿ ನನಗ."

"ಐತಿ ರಜಾಕ್. ಕೈಯಾಗ ಹಿಡದೀನಿ. ಮೂಕ ಆಗೈತಿ."

"ಮೂಕ ಆಗೈತಿ," ಎಂದು ಅವನು ತನ್ನಷ್ಟಕ್ಕೆ ಹೇಳಿಕೊಂಡ. "ನಾ ಇನ್ನೂ ಏನೂ ಬರದಿಲ್ರಿ. ಇವತ್ತಿನ ಸಂಜಿಗೆ ನೀವ ವಿಚಾರ ಮಾಡ್ರಿ."

ಆ ಸಂಜೆ ದಾಕ್ಷಾಯಣಿ ಮತ್ತೆ ಭರಮವ್ವನ ಜೊತೆ ಗುಡ್ಡ ಹತ್ತಿದಳು. ಧ್ವನಿವರ್ಧಕ ಇಟ್ಟು ಹಚ್ಚಿದ ಎರಡು ನಿಮಿಷಕ್ಕೇ ನೊಣಗಳು ಕವಿದವು. ಇಡೀ ಗುಡ್ಡದ, ಬಹುಶಃ ಆಚೆಯ ಗುಡ್ಡದ ನೊಣಗಳೂ. ಎಷ್ಟೋ ವರ್ಷದಿಂದ ಈ ಹಾಡು ಕೇಳದೆ ಬೇರೆ ಹುಳಗಳ ಮೇಲೆ ಬದುಕಿದ್ದವು ಎಲ್ಲಿ ಅಡಗಿದ್ದವೋ. ಕಲ್ಲಿನ ಸುತ್ತ ಸೇರಿದ್ದ ಮೂಕ ಜೀರುಂಡೆಗಳ ಬೆನ್ನ ಮೇಲೆ ಅವು ಇಳಿಯುತ್ತಿದ್ದವು, ಏಳುತ್ತಿದ್ದವು. ಭರಮವ್ವ ಒಂದು ಜೀರುಂಡೆಯನ್ನು ಹಿಡಿದು ಬೆಳಕಿಗೆ ಒಡ್ಡಿದಳು. ಕತ್ತಿನ ಸಂದಿನಲ್ಲಿ ಎಳ್ಳಿನ ಚೂರಿಗಿಂತ ಸಣ್ಣ ಬಿಳಿ ಹುಳು ಒಳಗೆ ಕೊರೆಯುತ್ತಿತ್ತು.

"ಕರದಿ, ಬಂದ್ವು," ಎಂದಳು ಭರಮವ್ವ. "ಈಗ ನೊಣಕ್ಕ ಉಣ್ಣಾಕ ಹಾಕಾಕತ್ತಿ."

ದಾಕ್ಷಾಯಣಿ ಧ್ವನಿವರ್ಧಕವನ್ನು ಆರಿಸಿದಳು. ಮುರಿಗೆಪ್ಪನ ಮಾತು "ಹಂಗ ನಿಂ..." ಎಂಬಲ್ಲಿಗೆ ತುಂಡಾಯಿತು. ಸೆರಗಿನಿಂದ ನೊಣಗಳನ್ನು ಹೊಡೆದಳು, ಹುಚ್ಚಿಯಂತೆ. ಜೀರುಂಡೆಗಳನ್ನು ಕೈಯಿಂದ ಹುಲ್ಲಿಗೆ ತಳ್ಳಿದಳು. ಅವು ಹೋಗಲಿಲ್ಲ. ದನಿ ಬಂದಿದ್ದ ಕಲ್ಲಿನ ಕಡೆಗೇ ಮೀಸೆ ಚಾಚಿಕೊಂಡು ನಿಂತವು.

ಇನ್ನೂ ಸ್ವಲ್ಪ ಹೊತ್ತು ಹಚ್ಚಿದ್ದರೆ ಮೂರನೆಯ ಸಂಜೆಯೂ ಲೆಕ್ಕಕ್ಕೆ ಬಂದು ಗುಡ್ಡ ಉಳಿಯುತ್ತಿತ್ತು, ನಿಜ. ಆದರೆ ಪಟ್ಟಿಯಲ್ಲಿ ಹಾಡುವ ಜೀರುಂಡೆಯ ಹೆಸರಿರುತ್ತಿತ್ತು. ಹೆಸರು ಉಳಿಸಲು ವರ್ಷವರ್ಷವೂ ಕರೆದು ನೊಣಕ್ಕೆ ಹಾಕಬೇಕಾಗುತ್ತಿತ್ತು. ಮೂಕ ಆದದ್ದನ್ನು ಯಾರೂ ಎಂದೂ ಹುಡುಕುತ್ತಿರಲಿಲ್ಲ. ಅಷ್ಟು ಯೋಚಿಸಿದಾಗಲೇ ಅವಳಿಗೆ ಇನ್ನೊಂದು ನೆನಪಾಯಿತು. ಬೆಣಚಿ ಗುಡ್ಡ ಮೊದಲನೆಯದಲ್ಲ. ಕಳೆದ ನಾಲ್ಕು ವರ್ಷದಲ್ಲಿ ಅವಳು ಇನ್ನೂ ಆರು ಕಾಗದಗಳಿಗೆ ಸಹಿ ಹಾಕಿದ್ದಳು. ಆರು ಜೀರುಂಡೆ, ಆರು ಗುಡ್ಡ. ಕಂಬಕ್ಕೆ ಕೇಳಿಲ್ಲ ಎಂದು. ತನ್ನ ಕಿವಿಗೂ ಕೇಳದಿದ್ದುದನ್ನು ಮುಚ್ಚಿಟ್ಟುಕೊಂಡು. ಒಂದು ಕಲ್ಲನ್ನೂ ಎತ್ತಿ ನೋಡದೆ.

ಮಂಡಳಿಯ ಸಭೆ ಹತ್ತು ದಿನದ ಮೇಲಿತ್ತು. ದಾಕ್ಷಾಯಣಿ ಗಾಜಿನ ಪೆಟ್ಟಿಗೆಯಲ್ಲಿ ಐದು ಜೀರುಂಡೆಗಳನ್ನು ತಂದು ಮೇಜಿನ ಮೇಲಿಟ್ಟಳು. ಅಧ್ಯಕ್ಷ ಬೇವಿನಮರದ ಅವರು ಕೇಂದ್ರದ ಸಣ್ಣ ಯಂತ್ರವನ್ನು ಪೆಟ್ಟಿಗೆಯ ಪಕ್ಕ ಇಡಿಸಿದರು. ಯಂತ್ರ ಸೊನ್ನೆ ತೋರಿಸಿತು.

"ಯಂತ್ರದ ಪ್ರಕಾರ ಈ ಪೆಟ್ಟಿಗೆ ಖಾಲಿ," ಎಂದಳು ದಾಕ್ಷಾಯಣಿ. "ಕೈ ಹಾಕಿ ನೋಡ್ರಿ ಸರ್."

ಅಧ್ಯಕ್ಷರು ಅನುಮಾನಿಸುತ್ತ ಮುಚ್ಚಳ ಸರಿಸಿದರು. ಒಂದು ಗಂಡು ಅವರ ಬೆರಳಿನ ಮೇಲೆ ಹತ್ತಿ, ಅಲ್ಲಿಂದ ಅವಳೇ ಸಹಿ ಹಾಕಿದ ಕಾಗದದ ಮೇಲೆ ಜಿಗಿದು ಕೂತಿತು.

"ಹಂಗಾದ್ರ ಎರಡು ಸಂಜಿ ಕಂಬಕ್ಕ ಕೇಳಿಸಿದ್ದು ಏನ್ರಿ ಡಾಕ್ಟರ?"

ಹಿಂದಿನ ಸಾಲಿನಲ್ಲಿ ಕೂತಿದ್ದ ರಜಾಕ್ ತಲೆ ತಗ್ಗಿಸಿದ. ಅದು ಹಳೆಯ ಮುದ್ರಣ ಎಂದು ಅವನು ಇನ್ನೂ ಬರೆದಿರಲಿಲ್ಲ ಎಂಬುದು ಅವಳಿಗೆ ಗೊತ್ತಾಯಿತು.

"ಹಳೇ ಮುದ್ರಣ. ನಾನ ಹಚ್ಚೀನಿ. ಮೋಸ ಅದು. ಇನ್ನೊಂದು ಮೋಸ ಅದಕ್ಕಿಂತ ದೊಡ್ಡದು," ಎಂದು ಅವಳು ಕಿವಿಯ ವಿಷಯ ಹೇಳಿದಳು. ಆರು ಗುಡ್ಡಗಳ ಹೆಸರನ್ನು ಒಂದೊಂದಾಗಿ ಹೇಳಿದಳು. ಪ್ರತಿ ಹೆಸರಿಗೂ ಬರೆದುಕೊಳ್ಳುವ ಗುಮಾಸ್ತೆ ಕತ್ತೆತ್ತಿ ಅವಳನ್ನು ನೋಡುತ್ತಿದ್ದಳು. "ಅವು ಇಲ್ಲ ಅಂತ ಬರದು ಕೊಟ್ಟೀನಿ. ನಾ ನೋಡಿರಲಿಲ್ಲ. ಕೇಳಿಲ್ಲ ಅಂತಷ್ಟ ಬರೀಬೇಕಿತ್ತು."

ಬೆಣಚಿ ಗುಡ್ಡದ ಕೆಲಸ ನಿಂತಿತು. ಕಾನೂನು ತಿದ್ದುವವರೆಗೆ ಎಂದು ಆದೇಶ. ದಾಕ್ಷಾಯಣಿಯ ಹೆಸರನ್ನು ಮಾನ್ಯ ವರ್ಗೀಕರಣಕಾರರ ಯಾದಿಯಿಂದ ತೆಗೆದರು. ಇನ್ನು ಮುಂದೆ ಅವಳು ಯಾವ ಜೀವಕ್ಕೂ ಹೆಸರಿಡುವಂತಿಲ್ಲ, ಯಾವ ಕಾಗದಕ್ಕೂ ಸಹಿ ಹಾಕುವಂತಿಲ್ಲ. ಉಳಿದ ಆರು ಗುಡ್ಡಗಳ ವಿಷಯ ಪರಿಶೀಲನೆಗೆ ಹೋಯಿತು. ನಾಲ್ಕು ಆಗಲೇ ನೀರು ನಿಂತ ಹೊಂಡಗಳಾಗಿದ್ದವು. ಉಳಿದೆರಡರಲ್ಲಿ ಕೆಲಸ ನಡೆಯುತ್ತಿತ್ತು.

ಅವಳು ಪರಿಶೀಲನೆಗೆ ಕಾಯಲಿಲ್ಲ. ದಿನಾ ಬೆಳಿಗ್ಗೆ ಸುವರ್ಣಾ ಕಟ್ಟಿಕೊಟ್ಟ ಬುತ್ತಿ ಹಿಡಿದು ಒಂದೊಂದು ಗುಡ್ಡಕ್ಕೆ ಹೋದಳು. ಪ್ರತಿಯೊಂದರ ಹಾಡೂ ಪೆಟ್ಟಿಗೆಯಲ್ಲಿತ್ತು. ಯಾವುದನ್ನೂ ಒಯ್ಯಲಿಲ್ಲ. ಹೊಂಡದ ಅಂಚಿನಲ್ಲಿ ಉಳಿದ ಗಿಡದ ಬುಡ, ರಸ್ತೆಗೆ ತಳ್ಳಿದ ಮಣ್ಣಿನ ಗುಪ್ಪೆ, ಎಲ್ಲ ಕೈಯಿಂದಲೇ ಕೆದಕಿದಳು. ಐದು ಗುಡ್ಡಗಳಲ್ಲಿ ಏನೂ ಸಿಗಲಿಲ್ಲ. ಸಿಗದ ದಿನಗಳಲ್ಲಿ ಅವಳು ಮನೆಗೆ ಬಂದು ಉಣ್ಣದೆ ಕೂತಿರುತ್ತಿದ್ದಳು. ಒಮ್ಮೆ ಸುವರ್ಣಾ, "ಎಷ್ಟ ದಿನ ಹಿಂಗ ವೈನಿ?" ಎಂದು ಕೇಳಿದಳು. "ಹೆಸರು ಇಟ್ಟಾಕಿ ನಾನ ಅಲ್ಲೇನ," ಎಂದಳು ದಾಕ್ಷಾಯಣಿ.

ಆರನೆಯದು ಅರ್ಧ ಉಳಿದ ಗುಡ್ಡ. ಒಂದು ಕಡೆ ಕಡಿದು ಕೆಂಪಗೆ ಗೋಡೆ ಮಾಡಿದ್ದರು. ಇನ್ನೊಂದು ಇಳಿಜಾರಿನಲ್ಲಿ ಧೂಳು ಮುಚ್ಚಿದ ಹುಲ್ಲು. ಮಧ್ಯಾಹ್ನದ ಬಿಸಿಲಿನಲ್ಲಿ, ಹನ್ನೊಂದನೆಯ ದಿನ, ಅವಳು ಎತ್ತಿದ ಚಪ್ಪಟೆ ಕಲ್ಲಿನ ಕೆಳಗೆ ಒಂದು ಹೆಣ್ಣು ಜೀರುಂಡೆ ಇತ್ತು. ಅವಳು ಇಲ್ಲ ಎಂದು ಬರೆದುಕೊಟ್ಟದ್ದೇ ಅದು. ಮೈಯೆಲ್ಲ ಧೂಳು. ಬಾಲದ ಸೂಜಿಯನ್ನು ಮಣ್ಣಿಗೆ ಊರಿ ಮೊಟ್ಟೆ ಇಡುತ್ತಿತ್ತು. ಮೊಟ್ಟೆ ಇಡಬೇಕಾದರೆ ಎಲ್ಲೋ ಹತ್ತಿರದಲ್ಲಿ ಒಂದು ಗಂಡು ಇದ್ದಿರಲೇಬೇಕು.

ಮೂವತ್ತನಾಲ್ಕು ವರ್ಷ ಇಂಥದನ್ನು ಕಂಡೊಡನೆ ಅವಳ ಕೈ ಸೀಸೆಗೆ ಹೋಗುತ್ತಿತ್ತು. ಈಗ ಕಲ್ಲನ್ನು ಇದ್ದ ಹಾಗೆಯೇ ಮೆಲ್ಲಗೆ ಇಳಿಸಿ, ಅದರ ಪಕ್ಕದಲ್ಲಿ ಕೂತಳು.

ಸಿಡಿಮದ್ದಿನ ಸೈರನ್ ಕೂಗಿತು. ಕೆಳಗೆ ಕೆಲಸದವರು ಓಡಿ ಮರೆಯಾದರು. ಕಾವಲುಗಾರನೊಬ್ಬ ಕೆಂಪು ಬಾವುಟ ಬೀಸುತ್ತ ಇಳಿಜಾರಿನ ಬುಡಕ್ಕೆ ಬಂದು ಕೂಗಿದ, "ಏ ಅಮ್ಮಾರ! ಇಳೀರಿ! ಸಿಡಿಸೋರದಾರ! ಇಳೀರಿ ಅಂತೀನಿ!"

ಅವಳು ಅವನ ಕಡೆ ನೋಡಿದಳು. ಮನುಷ್ಯರಿರುವ ಗುಡ್ಡವನ್ನು ಸಿಡಿಸುವಂತಿಲ್ಲ, ಅದಕ್ಕಾದರೂ ಕಾನೂನಿತ್ತು.

"ಕಿವಿ ಕೇಳೂದಿಲ್ಲೇನ್ರಿ ನಿಮಗ?" ಎಂದು ಅವನು ಮತ್ತೆ ಕೂಗಿದ. ಸೈರನ್ ಎರಡನೆಯ ಸಲ ಹೊಡೆಯಿತು, ಮೂರನೆಯ ಸಲ ಹೊಡೆಯಿತು. ಅದು ಅವಳಿಗೆ ಚೆನ್ನಾಗಿಯೇ ಕೇಳಿಸುತ್ತಿತ್ತು. ಅವಳು ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡು, ಬುತ್ತಿಯ ಗಂಟು ಬಿಚ್ಚಿದಳು.